ಒಪಾಸಮ್ ಗರ್ಭಕೋಶಕ್ಕೆ ಡಾಕೊ ಸಿಡಿ3 ಆಂಟಿಬಾಡಿ: ಎಲ್ಲಿಯವರೆಗೆ ನಂಬಬಹುದು?

ಮನುಷ್ಯರ ಪ್ರೋಟೀನ್‌ಗೆಂದು ತಯಾರಾದ ಆಂಟಿಬಾಡಿಗಳಲ್ಲಿ (ಒಂದು ಪ್ರೋಟೀನ್‌ಗೆ ಅಂಟಿ ಅದನ್ನು ತೋರಿಸುವ ಅಣುಗಳಲ್ಲಿ) ಹಲವು, ಒಪಾಸಮ್‌ನಂಥ ಮಾರ್ಸೂಪಿಯಲ್‌ಗಳ (ಕಾಂಗರೂ ಬಳಗದ ಸಸ್ತನಿಗಳ) ಅಂಗಾಂಶಕ್ಕೆ ಅಂಟುವುದೇ ಇಲ್ಲ. ಸಿಡಿ4ರಂಥ ಹೊರಮೈ ಪ್ರೋಟೀನ್‌ಗಳು ಅಲ್ಲಿ ಅಷ್ಟು ಬೇರೆಯಾಗಿವೆ. ಡಾಕೊ (ಈಗ ಅಜಿಲೆಂಟ್) ಕಂಪನಿಯ ಸಿಡಿ3 ಆಂಟಿಬಾಡಿ ಎ0452 ಇದಕ್ಕೆ ಒಳ್ಳೆಯ ಅಪವಾದ. ಸಿಡಿ3 ಎಂದರೆ ರೋಗನಿರೋಧಕ ಟಿ ಕೋಶಗಳನ್ನು ಗುರುತಿಸಲು ಬಳಸುವ ಪ್ರೋಟೀನ್. ಮೊಲದಿಂದ ಪಡೆದ ಈ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ) ಗುರುತಿಸುವುದು ಸಿಡಿ3 ಎಪ್ಸಿಲಾನ್ ಸರಪಳಿಯ ಕೋಶದೊಳಗಿನ ತುದಿಯಲ್ಲಿರುವ 156ರಿಂದ 168ರವರೆಗಿನ ಅಮೈನೊ ಆಮ್ಲಗಳನ್ನು. ಆ ತುಣುಕು ಸಸ್ತನಿಗಳಲ್ಲಿ ಹೆಚ್ಚು ಬದಲಾಗದೆ ಉಳಿದಿದೆ.

ಫಾರ್ಮಲಿನ್‌ನಲ್ಲಿ 24 ಗಂಟೆ ಇಟ್ಟ ಅಂಗಾಂಶದ 4 ಮೈಕ್ರಾನ್ ಸೆಕ್ಷನ್ (ತೆಳು ಹೋಳು), ಪಿಹೆಚ್ 9ರ ಬಫರ್‌ನಲ್ಲಿ 95 ಡಿಗ್ರಿಗೆ 20 ನಿಮಿಷ, 1:200ಕ್ಕೆ ತೆಳುಮಾಡಿದ ಆಂಟಿಬಾಡಿಯಲ್ಲಿ ರಾತ್ರಿಯಿಡೀ 4 ಡಿಗ್ರಿ: ಶುರುಮಾಡಲು ಇಷ್ಟು ಸಾಕು. ಜೊತೆಗೆ 1:100 ಮತ್ತು 1:400 ಕೂಡ ನೋಡಿ. ಬಸಿರಿನ ಕೊನೆಯ ದಿನಗಳ ಗರ್ಭಕೋಶ ನೀರು ತುಂಬಿ ಸಡಿಲವಾಗಿರುವುದರಿಂದ ಬಿಸಿ ಬಫರ್‌ನಲ್ಲಿ ಸೆಕ್ಷನ್ ಕಿತ್ತು ಬರುತ್ತದೆ. ಚಾರ್ಜ್ ಇರುವ (ಅಂಗಾಂಶವನ್ನು ಹಿಡಿದಿಡುವ) ಸ್ಲೈಡ್ ಬಳಸಿ, 60 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ.

ಮೋಸವಾಗುವುದು ಆಂಟಿಬಾಡಿ ಅಂಟಿದ್ದನ್ನು ತೋರಿಸುವ ಕಂದು ಬಣ್ಣದಲ್ಲಿ. ಗಿಡ್ಡಬಾಲದ ಬೂದು ಒಪಾಸಮ್‌ನ ಬಸಿರು ಸುಮಾರು 14 ದಿನ. 12ನೇ ದಿನದ ಹೊತ್ತಿಗೆ ಭ್ರೂಣದ ಸುತ್ತಲಿನ ತೆಳು ಚಿಪ್ಪು ಕರಗಿ, ಭ್ರೂಣದ ಪೊರೆ ತಾಯಿಯ ಒಳಪದರಕ್ಕೆ ತಾಗುತ್ತದೆ. ಆಗ ಇಂಟರ್‌ಲ್ಯೂಕಿನ್ 6, ಕಾಕ್ಸ್ 2ರಂಥ ಉರಿಯೂತದ ಜೀನ್‌ಗಳು ಏರುತ್ತವೆ. ಹೆರಿಗೆ ಹತ್ತಿರವಾದಾಗ ನ್ಯೂಟ್ರೋಫಿಲ್‌ಗಳೂ (ಒಂದು ಬಗೆಯ ಬಿಳಿ ರಕ್ತಕಣಗಳು) ನುಗ್ಗುತ್ತವೆ. ಅವುಗಳೊಳಗೆ ಪೆರಾಕ್ಸಿಡೇಸ್ ತುಂಬಿರುತ್ತದೆ. 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 10 ನಿಮಿಷ ತಣಿಸದಿದ್ದರೆ ಡಿಎಬಿ (ಪೆರಾಕ್ಸಿಡೇಸ್ ಎಂಬ ಕಿಣ್ವ ಇದ್ದಲ್ಲಿ ಕಂದಾಗುವ ರಾಸಾಯನಿಕ) ಹಾಕಿದೊಡನೆ ಅವೇ ಕಂದಾಗಿ, ಟಿ ಕೋಶಗಳ ಗುಂಪಿನಂತೆ ಕಾಣುತ್ತವೆ. ನ್ಯೂಕ್ಲಿಯಸ್ ನೋಡಿ: ಟಿ ಕೋಶದ್ದು ಗುಂಡಗೆ, ಸುತ್ತ ಕಂದಿನ ತೆಳು ಬಳೆ; ನ್ಯೂಟ್ರೋಫಿಲ್‌ನದು ತುಂಡುತುಂಡು. ಆಂಟಿಬಾಡಿ ಹಾಕದ ಒಂದು ಸ್ಲೈಡ್, ಅದೇ ಪ್ರಾಣಿಯ ಗುಲ್ಮದ ಒಂದು ಸ್ಲೈಡ್, ಇವೆರಡೂ ಪ್ರತಿ ಸಲ ಇರಲೇಬೇಕು.

ಇನ್ನೊಂದು ಮಿತಿಯಿದೆ. ಮಾರ್ಸೂಪಿಯಲ್‌ಗಳಲ್ಲಿ ಆಲ್ಫಾ-ಬೀಟಾ, ಗಾಮಾ-ಡೆಲ್ಟಾ ಎಂಬ (ಗ್ರಾಹಕದ ಸರಪಳಿಗಳಿಂದ ಹೆಸರಾದ) ಟಿ ಕೋಶಗಳಲ್ಲದೆ ನಮ್ಮಲ್ಲಿಲ್ಲದ ಗಾಮಾ-ಮ್ಯೂ ಬಗೆಯೂ ಉಂಟು. ಸಿಡಿ3 ಬಣ್ಣ ನೋಡಿ ಯಾವುದು ಯಾವ ಬಗೆಯೆಂದು ಹೇಳಲಾಗದು.

ಟಿ ಕೋಶ ಎಲ್ಲಿದೆ, ಎಷ್ಟಿದೆ ಎಂಬ ಪ್ರಶ್ನೆಗೆ ಧೈರ್ಯವಾಗಿ ಕೊಳ್ಳಿ. ಭ್ರೂಣ ಅಂಟುವಾಗಿನ ಉರಿಯೂತವನ್ನೇ ಅಳೆಯಬೇಕಿದ್ದರೆ ಇದೊಂದನ್ನೇ ನಂಬಬೇಡಿ. ಪಕ್ಕದ ಸೆಕ್ಷನ್‌ಗೆ ಹೆಮಟಾಕ್ಸಿಲಿನ್-ಇಯೋಸಿನ್ ಹಾಕಿ ನ್ಯೂಟ್ರೋಫಿಲ್ ಎಣಿಸಿ, ಗರ್ಭಕೋಶದ ಇನ್ನೊಂದು ತುಂಡನ್ನು ಆರ್‌ಎನ್‌ಎಗೆ ಎತ್ತಿಡಿ.