ಐದು ಮಳೆಗಾಲ ಕಂಡ ನಮ್ಮ ಮನೆಯ ಫೈಬರ್

ನಮ್ಮ ಮನೆ ಶಿರಸಿಯಿಂದ ಒಳಗೆ, ಅಡಿಕೆ ತೋಟದ ಪಕ್ಕದಲ್ಲಿ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ನಾನು ತಿಂಗಳುಗಟ್ಟಲೆ ಆ ಗುಡ್ಡದ ಮೇಲೇ ಕೂತು ಆಫೀಸ್ ಕೆಲಸ ಮಾಡಿದೆ. ನಡುವೆ ಖಾಸಗಿಯವರೊಬ್ಬರ ಡಿಶ್ ಇಂಟರ್ನೆಟ್ ಹಾಕಿಸಿದೆ. ಮಳೆ ಹಿಡಿದ ಮೇಲೆ ಒಂದು ಮೇಲ್ ಕಳಿಸಲೂ ಪರದಾಟ. ಕಟ್ಟಿದ ಡಿಪಾಸಿಟ್ ಇವತ್ತಿಗೂ ವಾಪಸ್ ಬಂದಿಲ್ಲ.

2021ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಹಾಕಿಸಿದೆವು. ಗಾಜಿನ ಎಳೆಯೊಳಗೆ ಬೆಳಕಿನ ಮೂಲಕ ಇಂಟರ್ನೆಟ್ಟನ್ನೂ ಫೋನನ್ನೂ ತರುವ ವೈರ್ ಅದು. ಇದನ್ನೇ ಆರಿಸಿದ್ದು ಸ್ಪೀಡ್ ನೋಡಿ ಅಲ್ಲ, ನಂಬರಿಗಾಗಿ. ಅಪ್ಪ ಇದ್ದ ಕಾಲದ ಲ್ಯಾಂಡ್‌ಲೈನ್ ನಂಬರ್ ನೆಂಟರಿಗೆಲ್ಲ ಬಾಯಿಪಾಠ. ಮೊಬೈಲ್ ನಂಬರಿನ ಹಾಗೆ ಅದನ್ನು ಬೇರೆ ಕಂಪನಿಗೆ ಒಯ್ಯಲು ಬರುವುದಿಲ್ಲ. ಇಲ್ಲಿ ತಾಮ್ರದ ತಂತಿ ಹೋಗಿ ಫೈಬರ್ ಬಂದರೂ ಅದೇ ನಂಬರ್ ಉಳಿಯಿತು. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಅಷ್ಟೇ ಬೇಕಿತ್ತು.

ಆದರೆ ಫೈಬರ್ ಬಂದ ಹೊಸತರಲ್ಲೇ ಆಯಿ ಮೊಬೈಲಿಗೆ ಮಾಡಿದ ಕಾಲ್ ಹೋಗಲಿಲ್ಲ. ಹೊಸ ವೈರಿನದ್ದೇ ತಪ್ಪು ಎಂದು ಬೇಜಾರು ಮಾಡಿಕೊಂಡಳು. ನೋಡಿದರೆ ಅದೇ ಜನವರಿ 15ರಿಂದ ದೇಶದ ಎಲ್ಲ ಲ್ಯಾಂಡ್‌ಲೈನಿನವರೂ ಮೊಬೈಲ್ ನಂಬರಿನ ಮುಂದೆ 0 ಒತ್ತಬೇಕು ಎಂದಾಗಿತ್ತು. ಫೋನಿನ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ 0 ಬರೆದು ಅಂಟಿಸಿದೆ. ಆ ಚೀಟಿ ಇನ್ನೂ ಇದೆ.

ನಾವು ಆಗ ತೆಗೆದುಕೊಂಡದ್ದು 449 ರೂಪಾಯಿ ಪ್ಲಾನ್. ಸ್ಪೀಡ್ 30 ಎಂಬಿಪಿಎಸ್, ತಿಂಗಳಿಗೆ 3300 ಜಿಬಿ ಡೇಟಾ, ಲ್ಯಾಂಡ್‌ಲೈನ್ ಕಾಲ್ ಉಚಿತ. ಶೇ 18ರ ಜಿಎಸ್‌ಟಿ ಸೇರಿ ಕೈಯಿಂದ ಹೋಗುತ್ತಿದ್ದದ್ದು ಸುಮಾರು 530. ಯಾವ ಕಂಪನಿಯದ್ದಾದರೂ ಜಾಹೀರಾತಿನ ದರಕ್ಕೆ ಈ ತೆರಿಗೆ ಸೇರಿಸಿಯೇ ಲೆಕ್ಕ ಹಾಕಿ. ನನ್ನ ಮೀಟಿಂಗು, ಮಗಳ ಪಾಠ, ಅಡಿಕೆ ಧಾರಣೆ ನೋಡುವುದು, ಎಲ್ಲಕ್ಕೂ 30 ಸಾಕಾಗಿತ್ತು. ಸುಮ್ನೆ 100, 200ರ ಹಿಂದೆ ಬೀಳಬೇಡಿ.

ನಮ್ಮ ಕಡೆ ನಿಜವಾಗಿ ನೋಡಬೇಕಾದದ್ದು ವೈರ್ ಕಡಿದಾಗ ಯಾರು ಬರುತ್ತಾರೆ ಎಂಬುದನ್ನು. ಇಲ್ಲಿ ಫೈಬರ್ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಬರುತ್ತದೆ. ಗಾಳಿಗೆ ಟೊಂಗೆ ಬೀಳುತ್ತದೆ, ಮಂಗಗಳು ಜೋತಾಡುತ್ತವೆ, ರಸ್ತೆ ಬದಿ ಜೆಸಿಬಿ ಅಗೆಯುತ್ತದೆ. ಮನೆಯೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲಿ (ಮೋಡೆಮ್) ಎಲ್‌ಒಎಸ್ ಎಂಬ ಕೆಂಪು ದೀಪ ಮಿಣುಕಿದರೆ ಬೆಳಕು ಮನೆಯ ತನಕ ಬರುತ್ತಿಲ್ಲ ಎಂದರ್ಥ. ಆಗ ಆಫ್ ಆನ್ ಮಾಡಿ ಪ್ರಯೋಜನ ಇಲ್ಲ. ಹಳ್ಳಿಗಳಲ್ಲಿ ಈ ಕೆಲಸವನ್ನು ಬಹಳ ಕಡೆ ಸ್ಥಳೀಯ ಪಾಲುದಾರರು ಮಾಡುತ್ತಾರೆ. ನಮ್ಮಲ್ಲಿ ಮೊದಲು ಕೇಬಲ್ ಟಿವಿ ನಡೆಸುತ್ತಿದ್ದ ಹುಡುಗ. ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಫೈಬರ್ ಜೋಡಿಸುವ ಮಷೀನನ್ನು ಒದ್ದೆಯಾಗದಂತೆ ಹೊದೆಸಿಕೊಂಡು ಬರುತ್ತಾನೆ. ನಮ್ಮ ಮನೆಯ ಸಂಪರ್ಕ ನಿಂತಿರುವುದೇ ಅವನ ಮೇಲೆ. ಹಾಗಾಗಿ ಪಕ್ಕದ ಊರಿನ ಅನುಭವ ನಿಮ್ಮದೂ ಆಗಬೇಕೆಂದಿಲ್ಲ. ನಿಮ್ಮ ಕೇರಿಯ ನಾಲ್ಕು ಮನೆಯವರನ್ನೇ ಕೇಳಿ, ಅದೂ ಮಳೆಗಾಲದ ಬಗ್ಗೆ.

ಇನ್ನೊಂದು ಮಾತು ನಮಗೆ ಮೊದಲೇ ಗೊತ್ತಿರಲಿಲ್ಲ. ಹಳೆಯ ತಾಮ್ರದ ಫೋನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ಕೆಲಸ ಮಾಡುತ್ತಿತ್ತು. ಫೈಬರ್ ಫೋನ್ ಹಾಗಲ್ಲ. ಮನೆಯ ಕರೆಂಟು ಹೋದ ಕೂಡಲೇ ಡಯಲ್ ಟೋನೂ ಹೋಗುತ್ತದೆ. ಆಯಿ ಒಬ್ಬಳೇ ಇದ್ದ ಒಂದು ರಾತ್ರಿ ಹಾಗಾಯಿತು. ನಾನು ಬೆಂಗಳೂರಿನಿಂದ ಬೆಳಗಿನ ತನಕ ಫೋನ್ ಮಾಡುತ್ತಲೇ ಇದ್ದೆ. ಆ ವಾರವೇ 12 ವೋಲ್ಟಿನ ಸಣ್ಣ ಯುಪಿಎಸ್ ತಂದು ಪೆಟ್ಟಿಗೆಗೆ ಹಾಕಿದೆ. ಮೂರು ತಾಸು ಎಳೆಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಫೈಬರಿನ ಜೊತೆಗೇ ತನ್ನಿ. ಅವರ ಮೊಬೈಲಿನಲ್ಲಿ ವೈಫೈ ಕಾಲಿಂಗ್ ಕೂಡ ಆನ್ ಮಾಡಿಕೊಡಿ. ಆಗ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ಕಾಲ್ ಹೋಗುತ್ತದೆ. ಈಗ ಆಯಿ ಗುಡ್ಡ ಹತ್ತದೆ ಅಡುಗೆಮನೆಯಿಂದಲೇ ಮೊಬೈಲಿನಲ್ಲಿ ಮಾತಾಡುತ್ತಾಳೆ.