ಎಸ್‌ಎಂಎಸ್, ಆ್ಯಪ್, ಕೀ: ಆಫೀಸಿನ ಸರ್ವರ್‌ಗಳಿಗೆ ಎರಡನೇ ಬೀಗ ಹಾಕಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಪಾಸ್‌ವರ್ಡ್ ಜೊತೆಗೆ ಎರಡನೇ ಬೀಗ ಯಾವುದಿರಬೇಕು, ಎಸ್‌ಎಂಎಸ್ ಕೋಡೋ, ಫೋನಿನ ಆ್ಯಪೋ, ಯುಎಸ್‌ಬಿ ಕೀಯೋ ಅಂದರೆ ನನ್ನ ವೋಟು ಆ್ಯಪ್‌ಗೆ. ಅದರ ದೆಸೆಯಿಂದ ಒಂದು ಸೋಮವಾರ ಇಡೀ ಆಫೀಸಿನ ಹತ್ತಿರ ಬೈಸಿಕೊಂಡಿದ್ದೇನೆ. ಆದರೂ ಅದಕ್ಕೇ.

ದಾವಣಗೆರೆಯಲ್ಲಿ ನಮ್ಮದು ತೀರಾ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲದ ಸಂಸ್ಥೆ. 11 ಲಿನಕ್ಸ್ ಸರ್ವರ್, ಲಾಗಿನ್ ಆಗುವವರು 38 ಜನ, ನೋಡಿಕೊಳ್ಳೋಕೆ ನಾನು ಮತ್ತು ಇನ್ನೊಬ್ಬ ಹುಡುಗ. ಆಡಿಟ್‌ಗೆ ಬಂದವರು ಬರೀ ಪಾಸ್‌ವರ್ಡ್ ಸಾಲದು ಅಂತ ಬರೆದು ಹೋದರು. 'ಮಾಡಪ್ಪ, ಆದ್ರೆ ದುಡ್ಡು ಕೇಳಬೇಡ' ಅಂದರು ನಮ್ಮ ಸಾಹೇಬರು.

11 ಸರ್ವರ್‌ಗೂ ಬೇರೆ ಬೇರೆ ಕೋಡ್ ಕೊಟ್ಟಿದ್ದರೆ ಜನ ನನ್ನನ್ನು ಸುಮ್ನೆ ಬಿಡುತ್ತಿರಲಿಲ್ಲ. ಅದಕ್ಕೆ ಮುಂದೆ ಒಂದು ಜಂಪ್ ಸರ್ವರ್ ಇಟ್ಟೆ. ಎಲ್ಲರೂ ಆ ಒಂದೇ ಬಾಗಿಲಿನಿಂದ ಬರಬೇಕು, ಎರಡನೇ ಬೀಗ ಅಲ್ಲಿ ಮಾತ್ರ. ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೇ ಡೆಸ್ಕ್‌ಟಾಪ್‌ ಒಂದನ್ನು ಆ ಕೆಲಸಕ್ಕೆ ಕೂರಿಸಿದೆ. ಪುಕ್ಕಟೆ ಆಯ್ತಲ್ಲ ಅನ್ನೋ ಖುಷಿ.

ಮೊದಲು ನೋಡಿದ್ದು ಎಸ್‌ಎಂಎಸ್. ಬ್ಯಾಂಕಿನ ಒಟಿಪಿ ಎಲ್ಲರಿಗೂ ರೂಢಿ ಇದೆ, ಹೇಳಿಕೊಡೋದೇ ಬೇಡ. ಆದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ ಅನ್ನೋ ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಸಂಸ್ಥೆ, ಹೆಡರ್ (ಕಳಿಸುವವರ ಹೆಸರು), ಮೆಸೇಜಿನ ಟೆಂಪ್ಲೇಟ್ (ಒಕ್ಕಣೆಯ ಮಾದರಿ) ಎಲ್ಲ ನೋಂದಾಯಿಸಬೇಕು. ಟೆಂಪ್ಲೇಟಿಗೆ ಹೊಂದದ ಮೆಸೇಜ್ ಹೋಗೋದೇ ಇಲ್ಲ. ಎರಡು ವಾರ ಟ್ರಯಲ್ ನೋಡಿದೆ. ಜಗಳೂರು ಕಡೆಯ ಶಾಖೆಯವರು ಸಿಗ್ನಲ್‌ಗಾಗಿ ಹೊರಗೆ ಬೇವಿನಮರದ ಕೆಳಗೆ ಹೋಗಿ ನಿಲ್ಲುತ್ತಿದ್ದರು. ಕೋಡ್ ಬಂತು ಅಂತ ಒಳಗೆ ಓಡಿ ಬರುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತಿತ್ತು. ನಮ್ಮ ನಂಬರಿನ ಸಿಮ್ ಬೇರೆಯವರು ತಗೊಂಡು ಕೋಡ್ ಕದಿಯೋ ಸಿಮ್ ಸ್ವಾಪ್ ಮೋಸದ ಭಯ ಬೇರೆ. ಕೈಬಿಟ್ಟೆ.

ಆಮೇಲೆ ಆ್ಯಪ್. ಸರ್ವರ್‌ನಲ್ಲಿ ಗೂಗಲ್ ಅಥೆಂಟಿಕೇಟರ್‌ನ ಪ್ಯಾಮ್ ಮಾಡ್ಯೂಲ್ (ಲಾಗಿನ್ ಆಗುವಾಗ ಕೋಡ್ ಸರಿಯಾ ಅಂತ ನೋಡುವ ತುಣುಕು), ಪೂರ್ತಿ ಉಚಿತ. ಒಮ್ಮೆ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಾಕು. ಫೋನಿಗೆ ನೆಟ್, ಸಿಗ್ನಲ್ ಏನೂ ಇಲ್ಲದಿದ್ದರೂ 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ಬರುತ್ತದೆ. ಬೇವಿನಮರದ ಕೆಲಸ ತಪ್ಪಿತು. ಎರಡು ತಿಂಗಳು ಯಾರೂ ತಕರಾರು ಮಾಡಲಿಲ್ಲ.

ಆಮೇಲೆ ಆ ಸೋಮವಾರ. ಹಿಂದಿನ ದಿನ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟಿತ್ತು. ಬೆಳಿಗ್ಗೆ 10ಕ್ಕೆ ಯಾರು ಏನು ಹೊಡೆದರೂ 'ಕೋಡ್ ತಪ್ಪು'. ನಾನು ಫೋನುಗಳ ಮೇಲೆ ಅನುಮಾನ ಪಟ್ಟೆ. ಒಬ್ಬೊಬ್ಬರಿಗೂ ಕರೆ ಮಾಡಿ, ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ಆಟೋಮ್ಯಾಟಿಕ್ ಇದೆಯಾ ನೋಡಿ ಅಂದೆ. ಅಕೌಂಟ್ಸ್ ಮೇಡಂ ಮಾತ್ರ, 'ನನ್ ಫೋನ್ ಸರಿ ಐತಿ ಸರ್, ನಿಮ್ ಮಷೀನಿಗೇ ವಯಸ್ಸಾಗೇತಿ ನೋಡ್ರಿ' ಅಂದರು.

ಅವರ ಮಾತೇ ನಿಜ. ಈ ಕೋಡನ್ನು ಯಾರೂ ಕಳಿಸುವುದಿಲ್ಲ. ಕ್ಯೂಆರ್‌ನಲ್ಲಿದ್ದ ಗುಟ್ಟಿನ ಅಕ್ಷರಗಳು ಮತ್ತು ಆ ಹೊತ್ತಿನ ಸಮಯ ಸೇರಿಸಿ ಫೋನು ಒಂದು ಲೆಕ್ಕ ಹಾಕುತ್ತದೆ. ಸರ್ವರ್ ತನ್ನ ಗಡಿಯಾರ ನೋಡಿಕೊಂಡು ಅದೇ ಲೆಕ್ಕ ಹಾಕುತ್ತದೆ. ಹಿಂದಿನ ಒಂದು, ಮುಂದಿನ ಒಂದು ಕೋಡಿಗೆ ಮಾಫಿ ಉಂಟು, ಅದಕ್ಕಿಂತ ಜಾಸ್ತಿ ಇಲ್ಲ. ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಹೋಗಿ ಹಳೇ ಡೆಸ್ಕ್‌ಟಾಪ್‌ಗೆ ಸಿಕ್ಕಿಸಿದೆ. ನಮ್ಮಲ್ಲಿ ಕೋಡ್ ಕೇಳೋದು ಎಸ್‌ಎಸ್‌ಎಚ್‌ನಲ್ಲಿ, ಅಂದರೆ ದೂರದಿಂದ ನೆಟ್‌ವರ್ಕ್ ಮೂಲಕ, ಬಂದರೆ ಮಾತ್ರ, ಎದುರು ಕೂತರೆ ಪಾಸ್‌ವರ್ಡ್ ಸಾಕು. 'ಡೇಟ್' ಅಂತ ಹೊಡೆದರೆ ಮೂರು ವರ್ಷ ಹಿಂದಿನ ತಾರೀಖು!

ಕರೆಂಟ್ ಇಲ್ಲದಾಗ ಗಡಿಯಾರ ನಡೆಸೋ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿತ್ತು. ಸತ್ತರೂ ಗಡಿಯಾರ ನೋಡಿಕೊಳ್ಳೋ ಕ್ರೋನಿ ಅನ್ನೋ ಪ್ರೋಗ್ರಾಂ ನೆಟ್‌ನಿಂದ ಟೈಮ್ ಸರಿಮಾಡಿಕೊಳ್ಳಬೇಕಿತ್ತಲ್ವಾ? ಅದರ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ, ಅಂದರೆ ಟೈಮ್ ಕೊಡೋ ಯಾವ ಸರ್ವರೂ ಸಿಗುತ್ತಿಲ್ಲ. ಹಿಂದಿನ ವಾರ ಹೊಸ ಫೈರ್‌ವಾಲ್ ಹಾಕುವಾಗ ನೆಟ್‌ನಿಂದ ಟೈಮ್ ಬರೋ ದಾರಿಯಾದ ಯುಡಿಪಿ 123ನೇ ಪೋರ್ಟ್ ಮುಚ್ಚಿದವನು ನಾನೇ. ಪೋರ್ಟ್ ತೆರೆದೆ. ಮಂಡಿಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ಒಂದು ಸಿಆರ್2032 ಸೆಲ್ ತಂದು ಹಾಕಿದೆ, 40 ರೂಪಾಯಿ. ಹನ್ನೆರಡೂವರೆಗೆ ಎಲ್ಲರೂ ಒಳಗೆ. ಮಂಡಕ್ಕಿ ಮಿರ್ಚಿ ಖರ್ಚು ನನ್ನದು.

ಇನ್ನು ಯುಎಸ್‌ಬಿ ಕೀ, ಅಂದರೆ ಕಂಪ್ಯೂಟರಿಗೆ ಸಿಕ್ಕಿಸೋ ಪುಟ್ಟ ಸಾಧನ. ಭದ್ರತೆ ಮಾತ್ರ ನೋಡಿದರೆ ಇದೇ ಮೇಲು. ಗಡಿಯಾರದ ಗೊಡವೆಯೇ ಇಲ್ಲ, ಬೆರಳು ಮುಟ್ಟಿಸಿದರೆ ಆಯ್ತು. ನಕಲಿ ಪುಟದಲ್ಲಿ ಕೋಡ್ ಹೊಡೆದು ಮೋಸ ಹೋಗೋಕೆ ಕೋಡೇ ಇರಲ್ಲ. ಎಸ್‌ಎಸ್‌ಎಚ್ ಲಾಗಿನ್ ನಡೆಸೋ ಓಪನ್‌ಎಸ್‌ಎಸ್‌ಎಚ್ ಪ್ರೋಗ್ರಾಂಗೆ ಈ ಸೌಲಭ್ಯ ಬಂದಿದ್ದು 2020ರ 8.2 ಆವೃತ್ತಿಯಲ್ಲಿ. ನಮ್ಮಲ್ಲಿ ಎರಡು ಸರ್ವರ್ ಇನ್ನೂ ಸೆಂಟ್‌ಒಎಸ್ 7 ಅನ್ನೋ ಹಳೇ ಲಿನಕ್ಸ್, ಅದರಲ್ಲಿರೋ ಓಪನ್‌ಎಸ್‌ಎಸ್‌ಎಚ್ 7.4. ಜಂಪ್ ಸರ್ವರ್ ದಾಟಿ ಒಳಗೂ ಇದೇ ಕೀ ಬಳಸೋಣ ಅಂದರೆ ಅವಕ್ಕೆ ಇಂಥ ಕೀ ಗುರುತೇ ಸಿಗಲ್ಲ. ಶಾಖೆಗಳಲ್ಲಿ ಪೆನ್‌ಡ್ರೈವ್ ಹಾಕಬಾರದು ಅಂತ ಯುಎಸ್‌ಬಿ ಪೋರ್ಟಿಗೆ ನಾವೇ ಸೀಲ್ ಮಾಡಿದ್ದೇವೆ, ಅದು ಇನ್ನೊಂದು ತಮಾಷೆ. ಕಳೆದುಹೋದರೆ ಅಂತ ಒಬ್ಬೊಬ್ಬರಿಗೆ ಎರಡೆರಡು ಕೀ ಬೇಕು, ಅಂದರೆ 76. ಒಂದೊಂದಕ್ಕೆ ಸಾವಿರಗಳ ಲೆಕ್ಕ. ಸಾಹೇಬರ ಮುಂದೆ ಈ ಗುಣಾಕಾರ ನಾನು ಮಾಡಲೇ ಇಲ್ಲ.

ಐದಾರು ಜನರ ಆಫೀಸು, ಎಲ್ಲ ಹೊಸ ಸರ್ವರ್ ಆಗಿದ್ದರೆ ನಾನೂ ಕೀ ತಗೊಳ್ಳುತ್ತಿದ್ದೆ. ಈಗ ನನ್ನ ಕೈದುಡ್ಡಿನಲ್ಲಿ ಒಂದು ಜೊತೆ ತಂದಿದ್ದೇನೆ. ಒಂದು ಬೈಕಿನ ಕೀಗೊಂಚಲಲ್ಲಿ, ಇನ್ನೊಂದು ಮನೆ ಬೀರುವಿನಲ್ಲಿ. ಉಳಿದ 37 ಜನಕ್ಕೆ ಆ್ಯಪ್. ನನ್ನ ಡ್ರಾಯರ್‌ನಲ್ಲಿ ಆ ಸಿಆರ್2032 ನಂಬರಿನ ಇನ್ನೆರಡು ಸೆಲ್ ಇವೆ.