ಟೊರಾಂಟೊದ ಚಳಿಗೆ ಹೀಲ್ಸ್ ಇರುವ ಬೂಟು: ಮೊದಲು ಅಟ್ಟೆ ನೋಡಿ

ಟೊರಾಂಟೊದ ಚಳಿಗಾಲದಲ್ಲಿ ಬೂಟಿನ ಯೋಗ್ಯತೆ ಗೊತ್ತಾಗುವುದು ಹಿಮ ಬಿದ್ದ ದಿನಕ್ಕಿಂತ ಹೆಚ್ಚಾಗಿ ಅದರ ಮರುದಿನ. ಮಧ್ಯಾಹ್ನದ ಬಿಸಿಲಿಗೆ ಕರಗಿ ರಾಡಿಯಾದ ಹಿಮವು ಸಂಜೆ ಕಚೇರಿ ಬಿಡುವ ಹೊತ್ತಿಗೆ ಮತ್ತೆ ಹೆಪ್ಪುಗಟ್ಟಿ, ಕಾಲುದಾರಿಯ ಮೇಲೆ ತೆಳುವಾದ ಗಾಜು ಹಾಸಿದಂತಾಗಿರುತ್ತದೆ. ಅದನ್ನು ಕರಗಿಸಲೆಂದು ಎರಚಿದ ಉಪ್ಪು ಚರ್ಮದ ಪ್ರತಿಯೊಂದು ಹೊಲಿಗೆಯೊಳಗೂ ಇಳಿಯುತ್ತದೆ. ಇಂಥ ಊರಿನಲ್ಲಿ ಹೀಲ್ಸ್ ಏಕೆ ಎಂದು ಕೇಳುವವರಿದ್ದಾರೆ. ಕಚೇರಿಯ ಉಡುಪಿಗೆ, ಸಂದರ್ಶನಕ್ಕೆ, ಮದುವೆಯ ಔತಣಕ್ಕೆ ಅದು ಬೇಕಾಗುತ್ತದೆ. ನಮ್ಮವರಿಗಂತೂ ಇನ್ನೊಂದು ಕಾರಣವಿದೆ: ಸಂಕ್ರಾಂತಿಯ ಕಾರ್ಯಕ್ರಮಕ್ಕೆ ಸೀರೆಯುಟ್ಟು ಹೊರಟಾಗ ಎರಡು ಇಂಚಿನ ಹೀಲ್ಸ್ ನೆರಿಗೆಯನ್ನು ರಾಡಿಯಿಂದ ಮೇಲೆತ್ತಿ ಹಿಡಿಯುತ್ತದೆ, ಚಪ್ಪಟೆ ಬೂಟಾದರೆ ಸಭಾಂಗಣ ಮುಟ್ಟುವಷ್ಟರಲ್ಲಿ ಸೀರೆಯ ಫಾಲ್ ತೊಯ್ದು, ಒಣಗಿದ ಮೇಲೆ ಅದರುದ್ದಕ್ಕೂ ಉಪ್ಪಿನ ಬಿಳಿಗೆರೆ ಉಳಿಯುತ್ತದೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ಹೀಲ್ಸ್ ಎಷ್ಟು ಎತ್ತರವಿದೆ ಎಂದು ನೋಡುತ್ತಾರೆ. ನಾನು ಬೂಟನ್ನು ಬೋರಲು ಹಾಕಿ ಅಟ್ಟೆ ನೋಡುತ್ತೇನೆ. ನಡೆಯುವಾಗ ಮೊದಲು ನೆಲಕ್ಕೆ ತಾಗುವುದು ಹಿಮ್ಮಡಿ. ಜಾರುವುದೂ ಸಾಮಾನ್ಯವಾಗಿ ಆ ಕ್ಷಣದಲ್ಲೇ. ಆದ್ದರಿಂದ ಹೀಲ್ಸಿನ ತಳಕ್ಕೆ ಯಾವ ರಬ್ಬರ್ ಬಳಸಿದ್ದಾರೆ, ಅದು ಎಷ್ಟು ಅಗಲವಿದೆ ಎಂಬುದು ಎತ್ತರಕ್ಕಿಂತ ಮುಖ್ಯ. ಹೆಬ್ಬೆರಳಿನ ಉಗುರನ್ನು ಅಟ್ಟೆಗೆ ಒತ್ತಿದರೆ ಒಳ್ಳೆಯ ರಬ್ಬರ್ ಕೊಂಚ ತಗ್ಗಿ, ಬಿಟ್ಟೊಡನೆ ಮೇಲೇಳುತ್ತದೆ. ಉಗುರು ಜಾರಿ ಹೊಳಪಿನ ಗೀರು ಮಾತ್ರ ಉಳಿದರೆ ಆ ಬೂಟನ್ನು ಅಲ್ಲೇ ಇಟ್ಟುಬಿಡುವುದು ಒಳ್ಳೆಯದು. ಅಂಗಡಿಯ ಬೆಚ್ಚಗಿನಲ್ಲೇ ಇಷ್ಟು ಗಟ್ಟಿಯಾಗಿರುವ ವಸ್ತು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಇನ್ನೂ ಬಿರುಸಾಗಿ, ಮಂಜುಗಡ್ಡೆಯನ್ನು ಹಿಡಿಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಊರಿನಿಂದ ಹೊರಡುವ ಮುನ್ನ ಬೆಂಗಳೂರಿನಲ್ಲಿಯೇ ಬೂಟು ಕೊಂಡು ತರಬೇಡಿ ಎಂದು ಹೊಸಬರಿಗೆ ನಾನು ಹೇಳುವುದು ಇದೇ ಕಾರಣಕ್ಕೆ: ಅಲ್ಲಿ ಸಿಗುವ ಬಹುಪಾಲು ಬೂಟುಗಳು ಫ್ಯಾಷನ್ನಿಗಾಗಿ ಮಾಡಿದವು, ಮಂಜುಗಡ್ಡೆಗಾಗಿ ಅಲ್ಲ.

ಈ ವಿಷಯದಲ್ಲಿ ಕೊಳ್ಳುವವರಿಗೆ ನಿಜವಾದ ನೆರವು ಈ ಊರಿನಲ್ಲೇ ಇದೆ. ಟೊರಾಂಟೊ ರಿಹ್ಯಾಬ್ ಸಂಸ್ಥೆಯ ಸಂಶೋಧಕರು ಮಂಜುಗಡ್ಡೆಯ ನೆಲವಿರುವ ಪ್ರಯೋಗಾಲಯದಲ್ಲಿ ಜನರಿಗೆ ಬೂಟು ತೊಡಿಸಿ, ಅಪಾಯವಾಗದಂತೆ ಪಟ್ಟಿ ಕಟ್ಟಿ ನಡೆಸುತ್ತಾರೆ. ನೆಲವನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಯಾವ ಕೋನದಲ್ಲಿ ಕಾಲು ಜಾರುತ್ತದೆಂದು ಅಳೆಯುತ್ತಾರೆ. ಕನಿಷ್ಠ 7 ಡಿಗ್ರಿ ಇಳಿಜಾರಿನಲ್ಲಿ ಜಾರದೆ ನಿಂತ ಬೂಟಿಗೆ ಒಂದು ಹಿಮಹರಳಿನ ಅಂಕ ಸಿಗುತ್ತದೆ. ಫುಟ್‌ಪಾತಿನಿಂದ ರಸ್ತೆಗೆ ಇಳಿಯುವ ಇಳಿಜಾರು ಹೆಚ್ಚುಕಡಿಮೆ ಅಷ್ಟೇ ಓರೆಯಾಗಿರಬಹುದಾದ್ದರಿಂದ ಈ ಅಳತೆ ದಿನನಿತ್ಯದ ಓಡಾಟಕ್ಕೆ ನೇರವಾಗಿ ಅನ್ವಯಿಸುತ್ತದೆ. 2016ರಲ್ಲಿ ಅವರು ಮೊದಲ ಫಲಿತಾಂಶ ಪ್ರಕಟಿಸಿದಾಗ, ಪರೀಕ್ಷಿಸಿದ 98 ಬಗೆಯ ಪಾದರಕ್ಷೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಈ ಮಟ್ಟ ಮುಟ್ಟಿರಲಿಲ್ಲ. ‘ವಿಂಟರ್ ಬೂಟ್’ ಎಂಬ ಚೀಟಿಯನ್ನು ನಂಬಿ ಹಣ ಕೊಡುವ ಮುನ್ನ ‘ರೇಟ್ ಮೈ ಟ್ರೆಡ್ಸ್’ ಹೆಸರಿನಲ್ಲಿ ಅವರು ಪ್ರಕಟಿಸುವ ಪಟ್ಟಿಯನ್ನು ಒಮ್ಮೆ ನೋಡಬೇಕು.

ಹೀಲ್ಸಿನ ಆಕಾರದಲ್ಲಿ ನನ್ನ ಆಯ್ಕೆ ದಪ್ಪನೆಯ ಬ್ಲಾಕ್ ಹೀಲ್, ಎತ್ತರ ಎರಡು ಇಂಚು ಮೀರದಂತೆ. ಹೀಲ್ಸ್ ಏರಿದಷ್ಟೂ ಮೈಭಾರ ಬೆರಳುಗಳ ಬುಡಕ್ಕೆ ಸರಿಯುತ್ತದೆ. ಪಾದದ ಮುಂಭಾಗದ ಕೆಳಗೂ ಅರ್ಧ ಇಂಚಿನಷ್ಟು ದಪ್ಪ ಅಟ್ಟೆಯಿದ್ದರೆ ಹಿಂದುಮುಂದಿನ ಎತ್ತರದ ವ್ಯತ್ಯಾಸ ತಗ್ಗಿ, ದಿನವಿಡೀ ತೊಟ್ಟರೂ ಉರಿಯಾಗುವುದಿಲ್ಲ. ತಣ್ಣಗಿನ ನೆಲ ಮತ್ತು ಪಾದದ ನಡುವಿನ ಅಂತರವೂ ಹೆಚ್ಚುತ್ತದೆ. ಹಿಮ್ಮಡಿಯಿಂದ ಬೆರಳಿನವರೆಗೂ ಅಟ್ಟೆ ಒಂದೇ ತುಂಡಾಗಿ ಇಳಿಯುವ ವೆಡ್ಜ್ ಮಾದರಿಯಲ್ಲಿ ಭಾರ ಇಡೀ ಪಾದಕ್ಕೆ ಹಂಚಿಕೆಯಾಗುವುದರಿಂದ ಆರಾಮ ಹೆಚ್ಚು. ಆದರೆ ಮೆಟ್ಟಿಲು ಇಳಿಯುವಾಗ ಬ್ಲಾಕ್ ಹೀಲ್ಸಿನ ಮುಂದಿನ ಅಂಚು ಹಿಮವನ್ನು ಕಚ್ಚಿ ಹಿಡಿಯುವಂತೆ ವೆಡ್ಜ್ ಹಿಡಿಯುವುದಿಲ್ಲ. ಕಡ್ಡಿಯಂತೆ ಸಣಕಲಾದ ಸ್ಟಿಲೆಟೊ ಹೀಲ್ಸ್ ಚರ್ಚೆಗೇ ಬೇಡ.

ಬ್ರ್ಯಾಂಡುಗಳ ಮಾತಿಗೆ ಬಂದರೆ, 1987ರಿಂದ ಮಾಂಟ್ರಿಯಲ್‌ನಲ್ಲಿರುವ ಲಾ ಕೆನೇಡಿಯನ್ ನನ್ನ ಮೊದಲ ಶಿಫಾರಸು. ನೀರು ಹಿಡಿಯದಂತೆ ಸಂಸ್ಕರಿಸಿದ ಸ್ವೀಡ್ ಚರ್ಮ, ಬೆಚ್ಚಗಿನ ಒಳಪದರ ಮತ್ತು ರಬ್ಬರ್ ಅಟ್ಟೆಯ ಜೊತೆಗೆ ಕಚೇರಿಗೆ ಒಪ್ಪುವ ರೂಪವನ್ನೂ ಅವರು ಉಳಿಸಿಕೊಂಡಿದ್ದಾರೆ. ಬೆಲೆ ಮಾತ್ರ ಭಾರವೇ, ಅನೇಕ ಮಾದರಿಗಳು 400 ಕೆನಡಾ ಡಾಲರ್ ದಾಟುತ್ತವೆ. 1962ರಲ್ಲಿ ಇದೇ ಒಂಟಾರಿಯೊದ ಕಿಚನರ್‌ನಲ್ಲಿ ಹುಟ್ಟಿ, 2000ದಲ್ಲಿ ಕೊಲಂಬಿಯಾ ಕಂಪನಿಯ ಕೈಸೇರಿದ ಸೊರೆಲ್‌ನ ವೆಡ್ಜ್ ಬೂಟುಗಳು ರಾಡಿಗೆ ಗಟ್ಟಿ, ಆದರೆ ಸೀರೆಗೆ ಅಷ್ಟಾಗಿ ಒಪ್ಪುವುದಿಲ್ಲ. ಆಸ್ಟ್ರೇಲಿಯಾದ ಬ್ಲಂಡ್‌ಸ್ಟೋನ್‌ನ ಹೀಲ್ಸ್ ಮಾದರಿಗಳು ನಡೆಯಲು ಹಿತವಾಗಿವೆ. ಪಕ್ಕದಲ್ಲಿ ಎಲಾಸ್ಟಿಕ್ ಇರುವ ಆ ಗಿಡ್ಡ ಬೂಟುಗಳನ್ನು ನಾನು ನವೆಂಬರ್ ಮತ್ತು ಮಾರ್ಚ್ ತಿಂಗಳಿಗೆ ಇಟ್ಟುಕೊಳ್ಳುತ್ತೇನೆಯೇ ಹೊರತು ಜನವರಿಗಲ್ಲ. ಊರಿನ ನಡುಭಾಗದ ಕೆಳಗೆ ಒಟ್ಟು 30 ಕಿಲೋಮೀಟರಿಗೂ ಮೀರಿ ಹಬ್ಬಿರುವ ‘ಪಾತ್’ ಸುರಂಗದಾರಿಯಲ್ಲೇ ಯೂನಿಯನ್ ರೈಲು ನಿಲ್ದಾಣದಿಂದ ಕಚೇರಿಯವರೆಗೂ ಓಡಾಡುವವರಿಗೆ ಅಷ್ಟೇ ಸಾಕಾಗಬಹುದು.

ಅಳತೆಯನ್ನು ಸಂಜೆಯೇ ನೋಡಬೇಕು, ಆ ಹೊತ್ತಿಗೆ ಪಾದ ಕೊಂಚ ಊದಿರುತ್ತದೆ. ಚಳಿಗೆ ತೊಡುವ ಉಣ್ಣೆಯ ಕಾಲುಚೀಲವನ್ನೇ ತೊಟ್ಟು ನೋಡಬೇಕು. ಬೆರಳು ಆಡಿಸಲು ಜಾಗವಿಲ್ಲದ ಬೂಟಿನಲ್ಲಿ ಗಾಳಿಯ ಪದರವೂ ಇರುವುದಿಲ್ಲ, ರಕ್ತವೂ ಸರಾಗವಾಗಿ ಹರಿಯುವುದಿಲ್ಲವಾದ್ದರಿಂದ ಎಷ್ಟು ದಪ್ಪನೆಯ ಒಳಪದರವಿದ್ದರೂ ಕಾಲು ಮರಗಟ್ಟುತ್ತದೆ. ಝಿಪ್ ಇರುವ ಬೂಟಾದರೆ ಅದನ್ನು ಪೂರ್ತಿ ಬಿಚ್ಚಿ, ಝಿಪ್ಪಿನ ಹಿಂದೆ ಎರಡೂ ಬದಿಗೆ ಸೇರಿಸಿ ಹೊಲಿದ ಚರ್ಮದ ಮಡಿಕೆ ಇದೆಯೇ ಎಂದು ಬೆರಳು ಹಾಕಿ ನೋಡಿ. ಆ ಮಡಿಕೆ ಇಲ್ಲದಿದ್ದರೆ ‘ವಾಟರ್‌ಪ್ರೂಫ್’ ಎಂದು ಬರೆದಿದ್ದರೂ ರಾಡಿಯ ನೀರು ಒಳಗೆ ಬರುವುದು ಅಲ್ಲಿಂದಲೇ.

ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಿಂದ ಉಪ್ಪನ್ನು ಒರೆಸಿ. ಬಿಳಿ ಕಲೆ ಮೂಡಿದ್ದರೆ ನೀರು ಬೆರೆಸಿದ ಬಿಳಿ ವಿನೆಗರ್ ಸಾಕು, ಸ್ವೀಡ್ ಆದರೆ ಕಾಣದ ಮೂಲೆಯಲ್ಲಿ ಮೊದಲು ಪ್ರಯೋಗಿಸಿ. ಹೀಟರಿನ ಮುಂದೆ ಇಟ್ಟರೆ ಚರ್ಮ ಬಿರಿಯುತ್ತದೆ, ಕಾಗದ ತುರುಕಿ ನೆರಳಿನಲ್ಲೇ ಆರಲು ಬಿಡಿ. ಬೆಲೆ ಇಳಿಯುವುದು ಜನವರಿಯ ಕೊನೆಯಲ್ಲಿ. ಅಷ್ಟರಲ್ಲಿ ಸಾಮಾನ್ಯ ಅಳತೆಗಳು ಖಾಲಿಯಾಗುವುದರಿಂದ, ಮೊದಲ ಚಳಿಗಾಲಕ್ಕೆ ಬರುವವರು ಅದಕ್ಕಾಗಿ ಕಾಯದೆ ನವೆಂಬರಿನಲ್ಲೇ ಪೂರ್ಣ ಬೆಲೆ ಕೊಟ್ಟು ಕೊಳ್ಳುವುದು ಲೇಸು.